ಮಾವಿನ ಎಳೆ ಎಲೆ ಕೆಂಪಾದ ವರ್ಷ

ಬೆಟ್ಟಗಳಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಹೊಳೆಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಗಾಳಿ ಬಂದರೆ ಮರ ‘ಬಾ’ ಅನ್ನುತ್ತಿತ್ತು, ಗಾಳಿ ಹೊರಟರೆ ‘ಹೋಗಿ ಬಾ’ ಅನ್ನುತ್ತಿತ್ತು. ಲೋಕ ಅಷ್ಟು ಹೊಸದಾಗಿದ್ದ ಕಾಲದ ಮಾತು ಇದು, ಕಂದ.

ಆಗ ವಸಂತ ಅಂದರೆ ಒಂದೇ ಒಂದು ದಿನ.

ಬೆಳಿಗ್ಗೆ ಎದ್ದು ನೋಡಿದರೆ ಮರಗಳೆಲ್ಲ ಬೋಳು. ಮಾವಿನ ಮರವೂ ಆಗ ಉಳಿದ ಮರಗಳ ಹಾಗೆ ಚಳಿಗಾಲದಲ್ಲಿ ಎಲೆ ಉದುರಿಸಿ ನಿಲ್ಲುತ್ತಿತ್ತು. ಸಂಜೆ ಆಡು ಕುರಿ ಮನೆಗೆ ಬರುವ ಹೊತ್ತಿಗೆ ಎಲ್ಲ ಮರಗಳೂ ಹಸಿರೋ ಹಸಿರು. ನಡುವೆ ಏನಾಯಿತು ಎಂದು ಕಂಡವರಿಲ್ಲ. ಮುದ್ದೆ ತಿರುವಿಟ್ಟು ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿರುತ್ತಿತ್ತು.

ಈ ಕೆಲಸ ಮಾಡುತ್ತಿದ್ದವಳು ಚೈತಿ ಎಂಬ ಹುಡುಗಿ. ಕೆದರಿದ ಕೂದಲು, ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿದ ಲಂಗ. ಬಿಸಿಗಾಳಿಯ ಹೆಗಲ ಮೇಲೆ ಕೂತು ಬರುತ್ತಿದ್ದಳು. ದಾರಿಯಲ್ಲಿ ಸಿಕ್ಕ ಮರಕ್ಕೆಲ್ಲ ಬೆರಳು ತಾಕಿಸಿ ‘ಏಳು!’ ಅನ್ನುತ್ತಿದ್ದಳು. ಮರ ಬೆಚ್ಚಿಬಿದ್ದು ಮೈತುಂಬ ಎಲೆ ಬಿಚ್ಚುತ್ತಿತ್ತು. ಅಷ್ಟರಲ್ಲಿ ಅವಳು ಮುಂದಿನ ಮರದ ಹತ್ತಿರ. ಹಿಂದೆ ತಿರುಗಿ ನೋಡಿದ್ದೇ ಇಲ್ಲ.

ಅವಳು ಬರುವುದು ಕಂಡರೆ ಮಾಗಿಯಜ್ಜ ಗಂಟು ಕಟ್ಟುತ್ತಿದ್ದ. ಮಾಗಿಯಜ್ಜ ಅಂದರೆ ಚಳಿಗಾಲದ ತಣ್ಣನೆಯ ಗಾಳಿ. ಅವನಿಗೆ ‘ಇರು’ ಅಂದವರು ಯಾರೂ ಇಲ್ಲ. ‘ಇನ್ನೂ ಹೋಗಿಲ್ಲವಾ?’ ಎಂದೇ ಎಲ್ಲರೂ ಕೇಳುತ್ತಿದ್ದರು. ಅವನು ತಲೆ ತಗ್ಗಿಸಿಕೊಂಡು ಬೆಟ್ಟದ ಹಿಂದಿನ ದಾರಿಯಲ್ಲಿ ಹೊರಟುಬಿಡುತ್ತಿದ್ದ.

ಒಂದು ವರ್ಷ ಏನಾಯಿತು ಗೊತ್ತಾ?

ಒಂದು ಕಲ್ಲುಗುಡ್ಡದ ಬುಡದಲ್ಲಿ ಬಿಸಿಗಾಳಿ ಬಂಡೆ ಸುತ್ತಿ ರೊಯ್ಯನೆ ತಿರುಗಿದ. ಹೆಗಲ ಮೇಲಿದ್ದ ಚೈತಿ ಜಾರಿದಳು. ಧೊಪ್ಪನೆ ಬಿದ್ದಳು. ಕಾಲು ಉಳುಕಿತು.

“ಏಳೇ, ಹೊತ್ತಾಯ್ತು,” ಎಂದ ಬಿಸಿಗಾಳಿ.

“ಆಗ್ತಿಲ್ಲ. ನೋಯ್ತಿದೆ.”

“ನಾನು ಕಾಯೋನಲ್ಲ. ಸಮುದ್ರದ ತನಕ ಒಂದು ಸುತ್ತು ಹೋಗಿ ಬರ್ತೀನಿ. ಬರೋಷ್ಟರಲ್ಲಿ ಮರಗಳೆಲ್ಲ ಹಸಿರಾಗಿರಬೇಕು. ಇಲ್ಲದಿದ್ದರೆ ಬೋಳು ಮರಗಳ ಮೇಲೇ ನನ್ನ ಬೇಸಗೆ ಶುರು ಮಾಡಿಬಿಡ್ತೀನಿ. ಆಮೇಲೆ ನೆರಳಿಲ್ಲ, ಹಣ್ಣಿಲ್ಲ ಅಂತ ಯಾರೂ ಅಳಬಾರದು,” ಎಂದು ಹೊರಟೇಹೋದ.

ಚೈತಿ ಬಂಡೆಗೆ ಒರಗಿ ಕೂತಳು. ಇಷ್ಟು ಹೊತ್ತು ಒಂದೇ ಕಡೆ ಕೂತದ್ದು ಅವಳ ಜನ್ಮದಲ್ಲೇ ಇಲ್ಲ. ಅಳು ಬಂತು.

ನೀರಿಗೆ ಬಂದಿದ್ದ ಸಾಕವ್ವ ಎಂಬ ಮುದುಕಿ ಅದನ್ನು ಕೇಳಿದಳು. ಕೊಡ ಕೆಳಗಿಟ್ಟು ಹತ್ತಿರ ಬಂದಳು.

“ಯಾರ ಮನೆ ಕೂಸವ್ವಾ ನೀನು? ಕಾಲು ಊದಿಬಿಟ್ಟಿದೆಯಲ್ಲ!”

ಕೊಡವನ್ನು ಅಲ್ಲೇ ಬಿಟ್ಟು, ಚೈತಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಮನೆಗೆ ನಡೆದಳು.

ಮನೆ ಅಂದರೆ ಒಂದು ಹುಲ್ಲು ಗುಡಿಸಲು. ಬಾಗಿಲ ಮುಂದೆ ಒಂದು ಮಾವಿನ ಮರ. ಒಳಗೆ ಅರೆಗತ್ತಲು. ಮೂಲೆಯಲ್ಲಿ ಸಾಕವ್ವನ ಮಗಳು ಮಾಳವ್ವ ಮಲಗಿದ್ದಳು. ಹಸಿ ಬಾಣಂತಿ. ಅವಳ ಪಕ್ಕದಲ್ಲಿ ಕೆಂಪು ಸೀರೆಯ ಒಂದು ಪುಟ್ಟ ಗಂಟು.

ಚೈತಿ ಗಂಟನ್ನು ನೋಡಿದಳು. ಗಂಟು ಆಕಳಿಸಿತು!

“ಅಯ್ಯೋ, ಇದೇನು?”

“ನನ್ನ ಮೊಮ್ಮಗಳು,” ಎಂದಳು ಸಾಕವ್ವ, ಚೈತಿಯ ಕಾಲಿಗೆ ಬಿಸಿ ಹರಳೆಣ್ಣೆ ತಿಕ್ಕುತ್ತಾ. “ದಿನ ತುಂಬೋ ಮೊದಲೇ ಅವಸರ ಮಾಡಿ ಬಂದುಬಿಟ್ಟಳು. ಉಳಿಯುತ್ತೋ ಇಲ್ಲವೋ ಅಂತ ಎಲ್ಲರೂ ಅಂದರು. ಉಳಿಸಿಕೊಳ್ತೀನಿ ಅಂತ ನಾನು ಅಂದೆ.”

ಚೈತಿ ಬಗ್ಗಿ ನೋಡಿದಳು. ಅಂಗೈಯಷ್ಟು ಮುಖ. ಕೆಂಪು ಕೆಂಪು ಮೈ. ಕತ್ತು ನಿಲ್ಲುತ್ತಿರಲಿಲ್ಲ, ಬಾಡಿದ ಹೂವಿನ ಹಾಗೆ ಬಾಗುತ್ತಿತ್ತು. ಇಷ್ಟು ಅರ್ಧಂಬರ್ಧವಾದ ಒಂದು ಜೀವವನ್ನು ಚೈತಿ ಕಂಡೇ ಇರಲಿಲ್ಲ. ಅವಳು ಮುಟ್ಟಿದ್ದೆಲ್ಲ ಮುಟ್ಟಿದ ತಕ್ಷಣ ಪೂರ್ತಿಯಾಗುತ್ತಿತ್ತಲ್ಲ!

“ಇಷ್ಟಕ್ಕೆಲ್ಲ ಯಾಕೆ ಕಷ್ಟ?” ಎಂದಳು. “ಮರಗಳಿಗೆಲ್ಲ ಎಲೆ ಬರಿಸೋ ಚೈತಿ ನಾನು. ಒಂದು ಬೆರಳು ತಾಕಿಸ್ತೀನಿ. ಸಂಜೆಗೆ ಎದ್ದು ಓಡಾಡ್ತಾಳೆ.”

ಬೆರಳು ಚಾಚಿಯೇಬಿಟ್ಟಳು.

“ಬೇಡ!” ಮಾಳವ್ವ ಎದ್ದು ಕೂತಳು. ಎದ್ದು ಕೂರುವ ಶಕ್ತಿ ಅವಳಿಗೆ ಎಲ್ಲಿಂದ ಬಂತೋ. ಕೂಸನ್ನು ಎದೆಗೆ ಒತ್ತಿಕೊಂಡಳು. “ಸಂಜೆಗೇ ದೊಡ್ಡವಳಾಗಿಬಿಟ್ಟರೆ, ನಾನು ಇವಳನ್ನ ಎತ್ತಿಕೊಳ್ಳೋದು ಯಾವಾಗ?”

ಚೈತಿ ಬೆರಳನ್ನು ಹಿಂದಕ್ಕೆ ತೆಗೆದುಕೊಂಡು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಳು.

ಕಾಲು ವಾಸಿಯಾಗುವ ತನಕ ಅವಳು ಅಲ್ಲೇ ಉಳಿಯಬೇಕಾಯಿತು.

ಅಲ್ಲಿ ಎಲ್ಲವೂ ನಿಧಾನ. ಸಾಕವ್ವ ಅಂಗೈಗೆ ಎಣ್ಣೆ ಹಾಕಿಕೊಂಡು ಉಜ್ಜಿ ಬಿಸಿ ಮಾಡುತ್ತಿದ್ದಳು. ಆಮೇಲೆ ಕೂಸಿನ ಮೈಗೆ ಸವರುತ್ತಿದ್ದಳು. ಕೂಸು ದೀಪದ ಹಾಗೆ ಮಿನುಗುತ್ತಿತ್ತು. ಕತ್ತಿನ ಕೆಳಗೆ ಕೈ ಕೊಟ್ಟೇ ಎತ್ತುತ್ತಿದ್ದಳು. ಹೊತ್ತು ಮೂಡಿದಾಗ ಬಾಗಿಲ ಹತ್ತಿರ ಒಂದಿಷ್ಟು ಹೊತ್ತು ಎಳೆ ಬಿಸಿಲು ಕಾಯಿಸುತ್ತಿದ್ದಳು. ಬಿಸಿಲು ಬಲಿಯುವ ಮೊದಲೇ ಒಳಗೆ. ಮತ್ತೆ ಕೆಂಪು ಸೀರೆಯ ಹೊದಿಕೆ. ಮತ್ತೆ ನಿದ್ದೆ.

“ಇವತ್ತು ಏನಾಯ್ತು?” ಎಂದು ಚೈತಿ ಕೇಳುತ್ತಿದ್ದಳು.

“ಇವತ್ತು ಹಾಲು ಕುಡಿದಳು.”

“ಅಷ್ಟೇನಾ?”

“ಅಷ್ಟೇ. ಅಷ್ಟಾದರೆ ಸಾಕಲ್ಲ.”

ಇನ್ನೊಂದು ದಿನ ಕೂಸು ಕಣ್ಣು ಬಿಟ್ಟಿತು. ಮತ್ತೊಂದು ದಿನ ಸೀನಿತು. ಅದು ಸೀನಿದ್ದಕ್ಕೆ ಮೂವರೂ ನಕ್ಕರು. ಚೈತಿ ಕೂಸಿನ ಪಕ್ಕದಲ್ಲೇ ಕೂತು ಅದರ ಉಗುರು ನೋಡುತ್ತಿದ್ದಳು. ಅಕ್ಕಿ ನುಚ್ಚಿನಷ್ಟು ಉಗುರು. ನೋಡಿದಷ್ಟೂ ನೋಡಬೇಕು ಅನ್ನಿಸುತ್ತಿತ್ತು. ನಾಳೆ ಏನು ಮಾಡುತ್ತದೋ ಎಂದು ಕಾಯುವುದರಲ್ಲೂ ಒಂದು ಸುಖವಿದೆ ಎಂದು ಅವಳಿಗೆ ಮೊದಲ ಸಲ ಗೊತ್ತಾಯಿತು.

ಅತ್ತ ಮಾಗಿಯಜ್ಜ ಗಂಟು ಕಟ್ಟಿಕೊಂಡು ಗುಡ್ಡದ ಮೇಲೆ ಕೂತಿದ್ದ. ಚೈತಿ ಬಂದರೆ ತಾನೇ ಅವನು ಹೊರಡುವುದು? ಕಾದು ಕಾದು ಸಾಕಾಗಿ, ಗುಡಿಸಲಿನ ಕಿಂಡಿಯಲ್ಲಿ ಇಣುಕಿದ. ಒಳಗೆ ತಣ್ಣಗೆ ಗಾಳಿ ನುಗ್ಗಿತು. ಕೂಸು ನಡುಗಿ ಅತ್ತಿತು.

“ಥೂ, ಯಾರದು!” ಸಾಕವ್ವ ಕಿಂಡಿಗೆ ಚಾಪೆ ಅಡ್ಡ ಹಿಡಿದಳು.

ಮಾಗಿಯಜ್ಜ ನಾಚಿ ಹಿಂದೆ ಸರಿದ. “ಹೋಗ್ತೀನಿ ಹೋಗ್ತೀನಿ. ಹೇಳಿ ಹೋಗೋಣ ಅಂತ ಬಂದೆ ಅಷ್ಟೇ.”

ಚೈತಿ ಗೋಡೆ ಹಿಡಿದುಕೊಂಡು ಕುಂಟುತ್ತಾ ಹೊರಗೆ ಬಂದಳು. “ಮಾಗಿಯಜ್ಜಾ, ನೀನು ಹೋಗಿಬಿಟ್ಟರೆ ಸುಡು ಬಿಸಿಲು ಬರುತ್ತೆ. ಈ ಕೂಸಿಗೆ ತಡಕೊಳ್ಳೋಕಾಗಲ್ಲ. ಇನ್ನೊಂದಿಷ್ಟು ದಿನ ಇರ್ತೀಯಾ?”

ಹೊರಟಿದ್ದ ಅಜ್ಜ ತಿರುಗಿ ನಿಂತ.

“ಏನಂದೆ?”

“ಇರ್ತೀಯಾ ಅಂದೆ.”

ಅವನಿಗೆ ಯಾರೂ ಆ ಮಾತು ಹೇಳಿರಲಿಲ್ಲವಲ್ಲ ಕಂದ. ಗಂಟು ಬಿಚ್ಚಿದ. ಗುಡಿಸಲಿನ ಹಿತ್ತಲಲ್ಲಿ ಮೊಣಕಾಲು ಮಡಚಿ ಕೂತ. ಕೂಸಿಗೆ ನಡುಕ ಬರಬಾರದೆಂದು ಉಸಿರನ್ನು ತಡೆ ತಡೆದು, ಮೆತ್ತಗೆ ಮೆತ್ತಗೆ ಬಿಟ್ಟ. ಕೊರೆಯುವ ಚಳಿ ಹೋಗಿ ಹಿತವಾದ ತಂಪು ಉಳಿಯಿತು. ಬೆಳಗ್ಗೆ ಗುಡ್ಡದ ಮೇಲೆ ತೆಳ್ಳಗೆ ಮಂಜು. ಬಾವಿಯ ನೀರು ಉಗುರುಬೆಚ್ಚಗೆ. ಕಂಬಳಿ ಹೊದ್ದರೆ ಸೆಕೆ, ತೆಗೆದರೆ ಚಳಿ. ಅಂಥ ಹವೆ ಅದುವರೆಗೆ ಲೋಕದಲ್ಲಿ ಇರಲೇ ಇಲ್ಲ.

ಆದರೆ ಹಸಿವು ಕಾಯುತ್ತದಾ?

ಮಾಳವ್ವನ ಗಂಡ ಬೀರ ಆಡು ಮೇಯಿಸುವವನು. ಆಡುಗಳ ಹಿಂಡು ಹೊಡೆದುಕೊಂಡು ಬಂದವನೇ ಅಂಗಳದಲ್ಲಿ ಕೋಲು ಊರಿ ನಿಂತ.

“ಅತ್ತೇ, ಈ ಹುಡುಗಿ ಇಲ್ಲಿ ಬೆಚ್ಚಗೆ ಕೂತವಳೆ. ಅಲ್ಲಿ ಒಂದು ಮರದಲ್ಲೂ ಸೊಪ್ಪಿಲ್ಲ. ಆಡಿಗೆ ಹಾಲಿಲ್ಲ, ಮರಿಗಳು ಸೊರಗ್ತಿವೆ. ಇನ್ನೆಷ್ಟು ದಿನ?”

ಅವನ ಬೆನ್ನಿಗೇ ಅಳಿಲು ಬಂತು. “ಗೂಡು ಮುಚ್ಚೋಕೆ ಎಲೆ ಇಲ್ಲ!” ಜೇನುನೊಣಗಳು ಬಂದವು. “ಹೂವಿಲ್ಲ, ಹೂವಿಲ್ಲ, ಹೂವಿಲ್ಲ!” ಎಲ್ಲರೂ ಒಟ್ಟಿಗೇ ಮಾತಾಡಿದರು. ಒಳಗೆ ಕೂಸು ಎಚ್ಚರಗೊಂಡು ಅತ್ತಿತು.

ಚೈತಿಗೆ ಗಾಬರಿಯಾಯಿತು. ಕೋಲು ಊರಿಕೊಂಡು ಬಾಗಿಲ ಮುಂದಿನ ಮಾವಿನ ಮರದ ಹತ್ತಿರ ಹೋದಳು. “ಒಂದೇ ಗಳಿಗೆ, ಈಗಲೇ ಮಾಡ್ತೀನಿ,” ಎಂದು ಬೆರಳು ಎತ್ತಿದಳು.

ಮಾವಿನ ಮರ ಕೊಂಬೆಯನ್ನು ಹಿಂದಕ್ಕೆ ಎಳೆದುಕೊಂಡಿತು.

“ಹಾಗೆ ಮುಟ್ಟಬೇಡ ಮಗಾ.”

“ಯಾಕೆ? ಪ್ರತಿ ವರ್ಷ ಹೀಗೇ ಮುಟ್ತೀನಲ್ಲ?”

“ಮುಟ್ತೀಯ. ಮುಟ್ಟಿ ಹೋಗ್ತೀಯ. ನಿದ್ದೆಯಲ್ಲಿದ್ದ ಎಲೆಗಳು ಬೆಚ್ಚಿ ಹೊರಗೆ ಬರ್ತವೆ. ಮಾರನೆಯ ದಿನದ ಬಿಸಿಲಿಗೆ ಅರ್ಧಕ್ಕರ್ಧ ಸುಟ್ಟುಹೋಗ್ತವೆ. ನನ್ನ ಬುಡದಲ್ಲಿ ನೋಡು.”

ಚೈತಿ ಬಗ್ಗಿ ನೋಡಿದಳು. ಬುಡದ ತುಂಬ ಹೋದ ವರ್ಷದ ಎಲೆಗಳು. ಹಣ್ಣಾಗಿ ಉದುರಿದವಲ್ಲ. ಅಂಚು ಕರಕಲಾಗಿ, ಮುದುಡಿ, ಬೆಳೆಯುವ ಮೊದಲೇ ಬಿದ್ದವು. ಒಂದನ್ನು ಎತ್ತಿಕೊಂಡಳು. ಅವಳ ಅಂಗೈಯಲ್ಲಿ ಅದು ಪುಡಿಯಾಯಿತು.

“ನನಗೆ ಯಾಕೆ ಯಾರೂ ಹೇಳಲಿಲ್ಲ?”

“ನೀನು ನಿಂತಿದ್ದರೆ ತಾನೇ ಹೇಳೋದು?” ಎಂದಿತು ಮರ. ಬೈಯುವ ದನಿ ಅಲ್ಲ ಅದು. ಬೇಸರದ ದನಿಯೂ ಅಲ್ಲ. ಇದ್ದದ್ದನ್ನು ಹೇಳಿತು, ಅಷ್ಟೇ.

ಚೈತಿ ಮರದ ಬುಡದಲ್ಲೇ ಕುಸಿದು ಕೂತು ಅತ್ತಳು. ಸಾಕವ್ವ ಹೊರಗೆ ಬಂದು ಅವಳ ಪಕ್ಕದಲ್ಲಿ ಕೂತು ತಲೆ ಸವರಿದಳು.

“ಅಜ್ಜೀ, ಎಲೆಗಳನ್ನ ಸುಡದ ಹಾಗೆ ಹೊರಗೆ ತರೋದು ಹೇಗೆ?”

“ನನಗೆ ಮರದ ವಿಷಯ ಏನು ಗೊತ್ತವ್ವಾ? ನನಗೆ ಗೊತ್ತಿರೋದು ಕೂಸು ಒಂದೇ.”

ಚೈತಿ ಕಣ್ಣು ಒರೆಸಿಕೊಂಡಳು. ಗುಡಿಸಲಿನ ಕಡೆ ನೋಡಿದಳು. ಮರದ ಕಡೆ ನೋಡಿದಳು. ಮೆಲ್ಲಗೆ ಎದ್ದು ಒಂದೇ ಒಂದು ಮೊಗ್ಗಿನ ಹತ್ತಿರ ಹೋದಳು. ಈ ಸಲ ‘ಏಳು’ ಅನ್ನಲಿಲ್ಲ. ಅದರ ಮೇಲೆ ಬೆಚ್ಚಗೆ ಉಸಿರು ಬಿಟ್ಟಳು. ಸಾಕವ್ವ ಅಂಗೈ ಬಿಸಿ ಮಾಡಿಕೊಳ್ಳುವ ಹಾಗೆ.

ಮೊಗ್ಗು ಬಿರಿಯಿತು. ಒಳಗಿನಿಂದ ಒಂದು ಎಲೆ ಇಣುಕಿತು. ಬಿಳಿಚಿಕೊಂಡಿತ್ತು, ಮಡಿಕೆ ಮಡಿಕೆಯಾಗಿತ್ತು. ಅಷ್ಟರಲ್ಲಿ ಬಿಸಿಲು ಬಿತ್ತು. ಎಲೆಯ ತುದಿ ಕಂದತೊಡಗಿತು.

“ಹೊದಿಕೆ! ಯಾರಾದರೂ ಹೊದಿಕೆ ಕೊಡಿ!”

ಬಾಗಿಲಲ್ಲಿ ನಿಂತಿದ್ದ ಮಾಳವ್ವ ಕೂಸಿನ ಕೆಂಪು ಸೀರೆಯ ಅಂಚನ್ನು ಪರ್ರನೆ ಹರಿದು ಕೊಟ್ಟಳು. ಚೈತಿ ಅದರಿಂದ ಒಂದು ನೂಲು ಬಿಡಿಸಿ ಎಲೆಗೆ ಸುತ್ತಿದಳು. ನೂಲಿನ ಕೆಂಪು ಎಲೆಯೊಳಗೆ ಇಳಿಯಿತು. ಸಾಕವ್ವನ ಬಟ್ಟಲಿನಿಂದ ಎಣ್ಣೆ ತಗೊಂಡು ಸವರಿದಳು. ಎಲೆ ಮಿನುಗಿತು. ಅದಕ್ಕೆ ಕತ್ತು ನಿಲ್ಲಲಿಲ್ಲ. ನಿಲ್ಲಬೇಕೆಂದು ಚೈತಿ ಒತ್ತಾಯ ಮಾಡಲೂ ಇಲ್ಲ. ‘ಬಾಗಿಕೊಂಡೇ ಇರು, ಪರವಾಗಿಲ್ಲ,’ ಎಂದು ಪಿಸುಗುಟ್ಟಿದಳು.

ಕೆಂಪಗೆ, ಮೆತ್ತಗೆ, ತಲೆ ಕೆಳಗೆ ಮಾಡಿ ಎಲೆ ತೂಗಿತು. ಬಿಸಿಲು ಅದರ ಮೇಲೆ ಬಿದ್ದು ಜಾರಿಹೋಯಿತು.

ಬೀರ ಹತ್ತಿರ ಬಂದ. ಕುಕ್ಕರಗಾಲಲ್ಲಿ ಕೂತು ನೋಡಿದ. ಜಗಳಕ್ಕೆ ಬಂದವನು ಜಗಳ ಮರೆತ. ಹಿಂದಿನಿಂದ ಒಂದು ಆಡು ಕತ್ತು ಚಾಚಿ ಎಲೆಗೆ ಬಾಯಿ ಹಾಕಲು ಬಂತು. ಬೀರ ಅದರ ಕೊಂಬು ಹಿಡಿದುಕೊಂಡ.

“ಹೇ, ಬೇಡ. ಇದಿನ್ನೂ ಹಸುಗೂಸು.”

ಹಾಗೆಂದು ಆಡುಗಳನ್ನು ಹೊಡೆದುಕೊಂಡು ಹಳ್ಳದ ಕಡೆಗೆ ಹೋದ. ಅಲ್ಲಿ ಜಾಲಿ ಮರಗಳ ಕೆಳಗೆ ಒಣಗಿದ ಕಾಯಿ ಉದುರಿದ್ದವು. ಅವನ್ನೇ ತಿನ್ನಿಸಿಕೊಂಡು ದಿನ ದೂಡಿದ.

ಚೈತಿ ದಿನಾ ಒಂದೊಂದು ಕೊಂಬೆ ಏಳಿಸಿದಳು. ಅವಸರವಿಲ್ಲ. ಜನ ಕೆಲಸದ ನಡುವೆ ಬಂದು ನಿಂತು ನೋಡಿ ಹೋಗುತ್ತಿದ್ದರು. ನಿನ್ನೆ ಕೆಂಪಗಿದ್ದ ಎಲೆ ಇವತ್ತು ತಾಮ್ರದ ಬಣ್ಣ. ಆಮೇಲೆ ಬೆಲ್ಲದ ಪಾಕದ ಬಣ್ಣ. ಆಮೇಲೆ ಗಿಣಿಮರಿಯ ಎಳೆ ಹಸಿರು. ಪ್ರತಿ ವರ್ಷ ತಮ್ಮ ಕಣ್ಣು ತಪ್ಪಿಸಿ ಹೋಗುತ್ತಿದ್ದುದು ಇದೇನಾ ಎಂದು ಅವರಿಗೆ ಅಚ್ಚರಿ. ಹೊತ್ತು ಮೂಡುವಾಗ ಮಾಗಿಯಜ್ಜ ಎಲೆಗಳ ನಡುವೆ ಮೆಲ್ಲಗೆ ಓಡಾಡುತ್ತಿದ್ದ. ಯಾರೂ ಅವನಿಗೆ ‘ಇನ್ನೂ ಹೋಗಿಲ್ಲವಾ’ ಅನ್ನಲಿಲ್ಲ. ‘ಆಹಾ, ಎಷ್ಟು ತಂಪು,’ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ದೂರದಲ್ಲಿ ಧೂಳೆದ್ದಿತು. ಬಿಸಿಗಾಳಿ ವಾಪಸ್ ಬಂದಿದ್ದ.

“ಏನಿದು? ಮರ ಅರ್ಧ ಬೋಳು, ಅರ್ಧ ಕೆಂಪು! ಇಷ್ಟು ದಿನ ಏನು ಮಾಡ್ತಿದ್ದೆ?”

“ಇನ್ನೊಂದಿಷ್ಟು ದಿನ ತಡಿ ಅಣ್ಣಾ. ಇವಿನ್ನೂ ಎಳೆಯವು.”

“ನಾನು ಕಾಯೋನಲ್ಲ ಅಂತ ಹೇಳಿರಲಿಲ್ಲವಾ?”

ಬಿಸಿಗಾಳಿ ಕೆನ್ನೆ ಉಬ್ಬಿಸಿ ಮಾವಿನ ಮರದ ಮೇಲೆ ಊದಿದ. ಒಣ ಕಡ್ಡಿಗಳು ಲಟಲಟನೆ ಮುರಿದವು. ಗುಡಿಸಲಿನ ಹುಲ್ಲು ಹಾರಿತು. ಮಾಳವ್ವ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಚೈತಿ ಕಣ್ಣು ಮುಚ್ಚಿಕೊಂಡಳು.

ಕಣ್ಣು ಬಿಟ್ಟಾಗ ಎಲೆಗಳು ಹಾಗೇ ಇದ್ದವು! ಅವು ಸೆಟೆದು ನಿಂತಿದ್ದರೆ ತಾನೇ ಮುರಿಯುವುದು? ಗಾಳಿ ಅತ್ತ ಹೋದರೆ ಅತ್ತ ತೂಗಿದವು, ಇತ್ತ ಬಂದರೆ ಇತ್ತ ತೂಗಿದವು. ಹಿಡಿಯಹೋದರೆ ಎಣ್ಣೆಯ ಮೈ, ಕೈಯಿಂದ ಜಾರಿದವು. ಬಿಸಿಗಾಳಿ ಮತ್ತೆ ಊದಿದ. ಮತ್ತೆ ಊದಿದ. ಕೊನೆಗೆ ಏದುಸಿರು ಬಿಡುತ್ತಾ ಬಂಡೆಯ ಮೇಲೆ ಕೂತ.

ಆಗ ಮಾಗಿಯಜ್ಜ ಹಿತ್ತಲಿನಿಂದ ಎದ್ದು ಬಂದ. ಬೇಸಗೆಯ ಎದುರು ಅವನು ನಿಂತದ್ದು ಅದೇ ಮೊದಲು.

“ಮಧ್ಯಾಹ್ನ ನಿನಗಿರಲಿ ತಮ್ಮಾ. ಬೆಳಗು ನನಗೆ ಬಿಡು. ಇವು ಬಲಿಯೋ ತನಕ ಮಾತ್ರ. ಆಮೇಲೆ ನಾನೇ ಹೋಗ್ತೀನಿ.”

ಬಿಸಿಗಾಳಿ ಅಜ್ಜನನ್ನು ನೋಡಿದ. ತೂಗುತ್ತಿದ್ದ ಎಲೆಗಳನ್ನು ನೋಡಿದ. ದಣಿದವನಿಗೆ ಅವು ಚೆನ್ನಾಗಿ ಕಂಡವೋ ಏನೋ.

“ಆಯ್ತು ಹೋಗ್ಲಿ,” ಎಂದ.

ಮಾವಿನ ಮರ ಮೈತುಂಬ ಎಲೆ ಹೊತ್ತ ಮೇಲೆ ಚೈತಿ ಹೊರಟು ನಿಂತಳು. ಲೋಕದ ಮರಗಳೆಲ್ಲ ಕಾಯುತ್ತಿದ್ದವಲ್ಲ. ಈಗ ಅವಳು ಬಿಸಿಗಾಳಿಯ ಹೆಗಲೇರಲಿಲ್ಲ. ನಡೆದೇ ಹೋಗುತ್ತೇನೆ ಎಂದಳು. ಅಷ್ಟರಲ್ಲಿ ಕೂಸೂ ಮೈ ತುಂಬಿಕೊಂಡು ಗುಂಡಗಾಗಿತ್ತು. ಸಾಕವ್ವ ಎಣ್ಣೆಯ ಬಟ್ಟಲು ಕೊಟ್ಟಳು, ಮಾಳವ್ವ ಕೆಂಪು ಸೀರೆಯನ್ನು ಮಡಿಸಿ ಚೈತಿಯ ಕೈಗಿಟ್ಟಳು.

“ತಗೊಂಡು ಹೋಗವ್ವಾ. ನಮ್ಮ ಕೂಸಿಗೆ ಇನ್ನು ಬೇಕಾಗಲ್ಲ.”

ಚೈತಿ ಕೂಸಿಗೆ ಮುತ್ತು ಕೊಡಲು ಬಗ್ಗಿದಳು. ಕೂಸು ಅವಳ ಕೂದಲು ಹಿಡಿದುಕೊಂಡಿತು. ಬಿಡಲೇ ಇಲ್ಲ. ಸಾಕವ್ವ ಬಿಡಿಸಲು ಬಂದಳು.

“ಇರಲಿ ಬಿಡು ಅಜ್ಜೀ,” ಎಂದಳು ಚೈತಿ.

ಕೂಸಿಗೆ ನಿದ್ದೆ ಬಂದು ಮುಷ್ಟಿ ತಾನಾಗಿ ಸಡಿಲವಾಗುವ ತನಕ ಹಾಗೇ ಬಗ್ಗಿ ನಿಂತಿದ್ದಳು. ಒಂದು ಕಾಲದಲ್ಲಿ ಹಿಂದೆ ತಿರುಗಿಯೂ ನೋಡದ ಹುಡುಗಿ! ಆಮೇಲೆ ಮೆಲ್ಲಗೆ ಹೊರಟಳು.

ದಾರಿಯುದ್ದಕ್ಕೂ ಒಂದೊಂದು ಮರದ ಹತ್ತಿರ ನಿಂತಳು. ಸೀರೆಯ ನೂಲು ಬಿಡಿಸಿ ಬಿಡಿಸಿ ಎಳೆ ಎಲೆಗಳಿಗೆ ಸುತ್ತಿ ಎಣ್ಣೆ ಸವರಿದಳು. ಅರಳಿ ಮರಕ್ಕೆ ಬರುವ ಹೊತ್ತಿಗೆ ನೂಲಿನ ಬಣ್ಣ ತೆಳುವಾಗಿತ್ತು, ಅದಕ್ಕೆ ನಸುಗೆಂಪು ಮಾತ್ರ ಸಿಕ್ಕಿತು. ಹೊಂಗೆಯ ಮರದ ಹತ್ತಿರ ಎಣ್ಣೆಯೇ ಹೆಚ್ಚು ಉಳಿದಿತ್ತು, ಅದು ಥಳಥಳ ಹೊಳೆಯಿತು. ಮಾವಿನ ಮರಗಳು ಮಾತ್ರ ಅಂದಿನಿಂದ ಪೂರ್ತಿ ಬೋಳಾಗಲೇ ಇಲ್ಲ. ಹೊಸ ಎಲೆ ಬಲಿಯುವ ತನಕ ಹಳೆಯ ಎಲೆ ಕೊಂಬೆಯಲ್ಲೇ ನಿಂತು ನೆರಳು ಕೊಡುತ್ತದೆ.

ಅದಕ್ಕೇ ಕಂದ, ಇವತ್ತಿಗೂ ಚಳಿಗಾಲ ಮುಗಿದು ಬೇಸಗೆ ಇನ್ನೂ ಬಲಿಯದ ದಿನಗಳಲ್ಲಿ ಮಧ್ಯಾಹ್ನ ಬಿಸಿಲಿದ್ದರೂ ಬೆಳಗು ಅಷ್ಟು ತಂಪಾಗಿರುತ್ತದೆ, ಮತ್ತು ನಮ್ಮ ಮಾವಿನ ಮರದ ಒಂದು ಕೊಂಬೆ ಹಸಿರಾಗಿದ್ದರೆ ಇನ್ನೊಂದು ಕೊಂಬೆಯ ತುದಿಯಲ್ಲಿ ಎಳೆ ಎಲೆಗಳು ಕೆಂಪಗೆ ಮಿನುಗುತ್ತಾ, ಕತ್ತು ಬಾಗಿಸಿ ನಿದ್ದೆ ಮಾಡುತ್ತಿರುತ್ತವೆ.